ಮೊಬೈಲ್ ಇಲ್ಲದೆ ತುತ್ತು ಇಳಿಯಲ್ಲ, ಇನ್ನು ಊಟದಲ್ಲಿ ಮಗ ಕಲಿಯೋದೇನು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತುಮಕೂರು. ಮಗನಿಗೆ 2 ವರ್ಷ 9 ತಿಂಗಳು, ತೂಕ 12.2 ಕೆಜಿ. ಮೊಬೈಲ್ ಹಾಕಿಕೊಡದೆ ಬಾಯೇ ತೆಗೆಯಲ್ಲ. ನಮ್ಮತ್ತೆ ಬಟ್ಟಲು ಹಿಡ್ಕೊಂಡು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮೆಟ್ಟಿಲಿಗೆ ಅಂತ ಒಂದು ಗಂಟೆ ಓಡಾಡಿ ತಿನ್ನಿಸ್ತಾರೆ. ದಿನಕ್ಕೆ ನಾಲ್ಕು ಸಲ ಚಾಕಲೇಟ್ ಪೌಡರ್ ಹಾಕಿದ ಹಾಲು, ರಾತ್ರಿದು ಬಾಟಲಿಯಲ್ಲಿ. ಈಗ ಪ್ಲೇ ಸ್ಕೂಲಿಗೆ ಹಾಕಿದೀವಿ, ಅಲ್ಲಿ ಮಿಸ್ಸು ಇವನಿಗೆ ಸ್ಪೂನ್ ಹಿಡಿಯಕ್ಕೆ ಬರಲ್ಲ, ಕಲರ್ಸ್ ಗೊತ್ತಿಲ್ಲ, ಮನೇಲಿ ಊಟದ ಟೈಮಲ್ಲೇ ಕಲಿಸಿ ಅಂದ್ರು. ರೀಲ್ಸ್‌ನಲ್ಲೂ ಅಡುಗೆಮನೆಯೇ ಮಕ್ಕಳ ಮೊದಲ ಸ್ಕೂಲು ಅಂತ ತೋರಿಸ್ತಾರೆ, ಅದಕ್ಕೊಂದು ಕಿಟ್ ಬೇರೆ ಮಾರ್ತಾರೆ. ನಿಜವಾಗ್ಲೂ ಊಟದಿಂದ ಮಕ್ಕಳು ಏನಾದ್ರೂ ಕಲೀತಾರಾ? ಅವನ ಪಾಡಿಗೆ ಬಿಟ್ರೆ ಉಪವಾಸ ಬೀಳಲ್ವಾ? ಅತ್ತೆ ಅಂತೂ ಅನ್ನ ನೆಲಕ್ಕೆ ಚೆಲ್ಲೋದು ಪಾಪ ಅಂತಾರೆ. ಅವರ ಜೊತೆ ಜಗಳ ಆಡೋಕೆ ನಂಗೆ ಇಷ್ಟ ಇಲ್ಲ, ಅವರು ಇಲ್ಲದಿದ್ರೆ ನಾನು ಕೆಲಸಕ್ಕೆ ಹೋಗೋಕೇ ಆಗಲ್ಲ. ದಯವಿಟ್ಟು ಡೀಟೇಲಾಗಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಒಂದಕ್ಕೊಂದು ಗಂಟು ಹಾಕ್ಕೊಂಡಿವೆ. ಮಗನಿಗೆ ಹೊಟ್ಟೆ ತುಂಬ್ತಾ ಇಲ್ಲ ಅನ್ನೋದು ಒಂದು, ಅವನು ಬೇರೆ ಮಕ್ಕಳಿಗಿಂತ ಹಿಂದೆ ಬಿದ್ದಿದಾನೆ ಅನ್ನೋದು ಇನ್ನೊಂದು, ಮನೇಲಿ ಜಗಳ ಆಗತ್ತೆ ಅನ್ನೋದು ಮೂರನೇದು. ಮೊದಲನೇದನ್ನ ಈಗಲೇ ಸಡಿಲ ಮಾಡ್ಬಿಡ್ತೀನಿ, ಯಾಕಂದ್ರೆ ಅದು ಇರೋವರೆಗೂ ಉಳಿದ ಮಾತು ಯಾವುದೂ ನಿಮ್ಮ ಕಿವಿಗೆ ಹೋಗಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಚಾರ್ಟಲ್ಲಿ ಈ ವಯಸ್ಸಿನ ಗಂಡು ಮಗುಗೆ ಮಧ್ಯದ ಗೆರೆ ಬರೋದು ಸುಮಾರು 13.8 ಕೆಜಿ ಹತ್ರ. ಯೋಚನೆ ಮಾಡಬೇಕಾದ ಗೆರೆ ಸುಮಾರು 11 ಕೆಜಿದು. ನಿಮ್ಮ ಮಗ 12.2, ಅಂದ್ರೆ ಸಣ್ಣ ಇದಾನೆ, ಆದ್ರೆ ನಾರ್ಮಲ್ ಒಳಗೇ ಇದಾನೆ. ಒಂದು ದಿನದ ತೂಕಕ್ಕಿಂತ ತಾಯಿ ಕಾರ್ಡಲ್ಲಿ ಗೆರೆ ಹೇಗೆ ಸಾಗಿದೆ ಅನ್ನೋದು ಮುಖ್ಯ. ಕಾರ್ಡ್ ತೆಗೆದು ನೋಡಿ, ಮೊದಲಿಂದಲೂ ಇದೇ ಗೆರೆ ಪಕ್ಕದಲ್ಲೇ ಬಂದಿದಾನೆ ಅಂದ್ರೆ ಅದು ಅವನ ಮೈಕಟ್ಟು ಅಷ್ಟೇ. ಮೇಲಿಂದ ಕೆಳಕ್ಕೆ ಜಾರ್ತಾ ಬಂದಿದ್ರೆ ಅದು ಬೇರೆ ಕಥೆ, ಆಗ ಡಾಕ್ಟರ್ ಹತ್ರ ಹೋಗಲೇಬೇಕು.

ಇನ್ನು, ಒಂದು ವರ್ಷದವರೆಗೆ ಚೆನ್ನಾಗಿ ತಿಂತಿದ್ದ, ಆಮೇಲೆ ಬಿಟ್ಟ ಅಂತ ಎಲ್ಲಾ ಅಮ್ಮಂದಿರೂ ಹೇಳ್ತಾರೆ, ನೀವೂ ಹೇಳ್ತೀರಿ ಅಂತ ಗೊತ್ತು. ಅದಕ್ಕೆ ದೃಷ್ಟಿ ತಾಗಿದ್ದಲ್ಲ ಕಾರಣ. ಹುಟ್ಟಿದಾಗ 3 ಕೆಜಿ ಇದ್ದ ಮಗು ಒಂದು ವರ್ಷಕ್ಕೆ 9 ಕೆಜಿ ಆಗತ್ತೆ, ಮೂರು ಪಟ್ಟು. ಎರಡನೇ ವರ್ಷ ಪೂರ್ತಿ ಸೇರಿದ್ರೂ ಎರಡು, ಎರಡೂವರೆ ಕೆಜಿ. ಆಮೇಲೆ ವರ್ಷಕ್ಕೆ 2 ಕೆಜಿ ಅಷ್ಟೇ. ಬೆಳೆಯೋ ಸ್ಪೀಡ್ ಕಮ್ಮಿ ಆದಾಗ ಹಸಿವೂ ಕಮ್ಮಿ ಆಗತ್ತೆ, ಗಾಡಿ ನಿಧಾನಕ್ಕೆ ಓಡಿದ್ರೆ ಪೆಟ್ರೋಲ್ ಕಮ್ಮಿ ಸಾಕಲ್ವಾ ಹಾಗೆ. ಮಗು ಅದನ್ನ ಸರಿಯಾಗಿ ಕೇಳಿಸ್ಕೊಂಡು ತಟ್ಟೆ ದೂರ ತಳ್ಳತ್ತೆ, ನಾವು ಗಾಬರಿ ಬಿದ್ದು ಬಟ್ಟಲು ಹಿಡ್ಕೊಂಡು ಹಿಂದೆ ಓಡ್ತೀವಿ. ನಾನೂ ಓಡಿದೀನಿ. ಡಾಕ್ಟರ್ ಆಗಿ ಹನ್ನೊಂದು ವರ್ಷ ಆಗಿತ್ತು ಆಗ, ಓಪಿಡಿಯಲ್ಲಿ ಬೆಳಗ್ಗೆಯೆಲ್ಲ ಬೇರೆಯವರಿಗೆ ಬುದ್ಧಿ ಹೇಳಿ ಬಂದು ಸಂಜೆ ನನ್ನ ಮಗಳ ಹಿಂದೆ ಮೊಸರನ್ನದ ಬಟ್ಟಲು ಹಿಡ್ಕೊಂಡು ಮಂಚದ ಕೆಳಗೆ ತೂರಿದ್ದೆ. ಹಾಗಾಗಿ ನಿಮ್ಮತ್ತೆಯನ್ನ ಬೈಯೋ ಯೋಗ್ಯತೆ ನಂಗಿಲ್ಲ.

ಈಗ ಅವನು ಏನು ಕಲೀತಾನೆ ಅನ್ನೋ ಪ್ರಶ್ನೆ. ನನ್ನ ಪ್ರಕಾರ ಊಟದಲ್ಲಿ ಮಗು ಕಲಿಯೋ ಮೊದಲನೇ ಪಾಠ ಬಣ್ಣನೂ ಅಲ್ಲ, ಒಂದು ಎರಡು ಮೂರೂ ಅಲ್ಲ, ಹಸಿವು ಅಂದ್ರೆ ಹೀಗಿರತ್ತೆ, ಸಾಕು ಅಂದ್ರೆ ಹೀಗಿರತ್ತೆ ಅನ್ನೋದು. ಇದನ್ನ ನಾವು ಹೇಳಿಕೊಡೋಕೆ ಆಗಲ್ಲ, ಕೆಡಿಸೋಕೆ ಮಾತ್ರ ಆಗತ್ತೆ. ಕೆಡಿಸೋಕೆ ಮೊಬೈಲಿನಷ್ಟು ಒಳ್ಳೆ ಸಾಧನ ಇನ್ನೊಂದಿಲ್ಲ ಬಿಡಿ. ಕಣ್ಣು ಸ್ಕ್ರೀನಲ್ಲಿ ಇದ್ದಾಗ ಬಾಯಿ ತನ್ನಷ್ಟಕ್ಕೆ ತೆರೆಯತ್ತೆ, ತುತ್ತು ಹೋಗತ್ತೆ, ಅದು ಉಪ್ಪಿಟ್ಟೋ ಚಿತ್ರಾನ್ನವೋ ಬಿಸಿಯೋ ತಣ್ಣಗೋ ಹೊಟ್ಟೆ ತುಂಬಿತೋ ಇಲ್ವೋ ಯಾವುದೂ ಅವನಿಗೆ ಗೊತ್ತೇ ಆಗಲ್ಲ. ಸುಮ್ನೆ ಒಂದು ಪರೀಕ್ಷೆ ಮಾಡಿ, ಊಟ ಆದ್ಮೇಲೆ ಏನು ತಿಂದೆ ಪುಟ್ಟಾ ಅಂತ ಕೇಳಿ. ನನ್ನ ಕ್ಲಿನಿಕ್ಕಿನಲ್ಲಿ ಎಷ್ಟೋ ಮಕ್ಕಳು ಕಾರ್ಟೂನ್ ಹೆಸರು ಹೇಳ್ತಾರೆ.

ಚಂದಮಾಮನ್ನ ತೋರಿಸಿ ಉಣ್ಣಿಸ್ತಿರಲಿಲ್ವಾ ನಾವು, ಮೊಬೈಲೂ ಅಂಥದ್ದೇ ಅಂತ ಅಜ್ಜಿಯರು ವಾದ ಮಾಡ್ತಾರೆ. ವಾದದಲ್ಲಿ ಸ್ವಲ್ಪ ಹುರುಳಿದೆ, ಗಮನ ಬೇರೆ ಕಡೆ ತಿರುಗಿಸೋ ಕೆಲಸ ಅದೂ ಮಾಡ್ತಿತ್ತು. ಆದ್ರೆ ಚಂದಮಾಮ ಪ್ರತಿ ಎರಡು ಸೆಕೆಂಡಿಗೆ ಬಣ್ಣ ಬದಲಾಯಿಸ್ತಿರಲಿಲ್ಲ, ಮತ್ತೆ ಅಲ್ಲಿ ಅಜ್ಜಿ ಮಾತಾಡ್ತಿದ್ರು. ಕಾಗೆಗೊಂದು ತುತ್ತು ಗುಬ್ಬಿಗೊಂದು ತುತ್ತು ಅಂತ ಮಗುವಿನ ಮುಖ ನೋಡ್ಕೊಂಡು ಮಾತಾಡೋದು ಭಾಷೆ ಕಲಿಯೋಕೆ ಇರೋ ದೊಡ್ಡ ದಾರಿ. ಸ್ಕ್ರೀನ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷದವರೆಗೆ ಬೇಡವೇ ಬೇಡ, ಎರಡರಿಂದ ನಾಲ್ಕರವರೆಗೆ ಇಡೀ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ. ನಿಮ್ಮನೇಲಿ ಒಂದು ಊಟಕ್ಕೇ ಆ ಕೋಟಾ ಮುಗಿದುಹೋಗ್ತಿದೆ.

ಮಕ್ಕಳಿಗೆ ತಮ್ಮ ಹೊಟ್ಟೆ ಗೊತ್ತಿರತ್ತೆ ಅನ್ನೋದಕ್ಕೆ ಹಳೇ ಕಾಲದ ಒಂದು ಉದಾಹರಣೆ ಇದೆ. ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಅನ್ನೋ ಡಾಕ್ಟರ್, ಆಗಷ್ಟೇ ಹಾಲು ಬಿಡ್ತಿದ್ದ ಮಕ್ಕಳ ಮುಂದೆ ಬೇರೆ ಬೇರೆ ಊಟ ಇಟ್ಟು, ಬೇಕಾದ್ದನ್ನ ಬೇಕಾದಷ್ಟು ತಿನ್ನೋಕೆ ಬಿಟ್ಟು ತಿಂಗಳುಗಟ್ಟಲೆ ಗಮನಿಸಿದ್ರು. ಮೊದಲ ವರದಿ ಬಂದಿದ್ದು 1928ರಲ್ಲಿ. ಮಕ್ಕಳು ಒಂದಿನ ಒಂದನ್ನೇ ರಾಶಿ ತಿಂತಿದ್ರು, ಮಾರನೇ ದಿನ ಅದನ್ನ ಮುಟ್ತಿರಲಿಲ್ಲ, ಆದ್ರೂ ಒಟ್ಟಾರೆ ಚೆನ್ನಾಗೇ ಬೆಳೆದ್ರು. ಇದನ್ನ ಹೇಳಿದ್ ತಕ್ಷಣ ಕೆಲವರು ಹಾಗಾದ್ರೆ ಮಗು ಕೇಳಿದ್ದೇ ಕೊಡೋಣ ಅಂತಾರೆ. ಅಲ್ಲೇ ಎಡವೋದು. ಆ ಡಾಕ್ಟರ್ ಇಟ್ಟಿದ್ದ ಪಟ್ಟಿಯಲ್ಲಿ ಹಣ್ಣು, ತರಕಾರಿ, ಕಾಳು, ಮಾಂಸ, ಮೊಟ್ಟೆ, ಹಾಲು ಇಂಥವೇ ಇದ್ದಿದ್ದು, ಕುರುಕಲು ಪ್ಯಾಕೆಟ್ ಇರಲಿಲ್ಲ, ಕ್ರೀಮ್ ಬಿಸ್ಕೆಟ್ ಇರಲಿಲ್ಲ. ಏನಿಡಬೇಕು ಅನ್ನೋದು ದೊಡ್ಡವರ ಕೆಲಸ, ಇಟ್ಟಿದ್ದರಲ್ಲಿ ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಕೆಲಸ. ಯಾವಾಗ ಊಟ, ಎಲ್ಲಿ ಕೂತು ಊಟ ಅನ್ನೋದೂ ದೊಡ್ಡವರದ್ದೇ. ಇವನ ಕೆಲಸ ನಾವು, ನಮ್ಮ ಕೆಲಸ ಇವನು ಮಾಡೋಕೆ ಹೊರಟಾಗಲೇ ಒಂದು ಗಂಟೆಯ ಮೆರವಣಿಗೆ ಶುರುವಾಗೋದು.

ಆದ್ರೆ ನಿಮ್ಮ ಮಗನ ವಿಷಯದಲ್ಲಿ ಹಸಿವಿಗೆ ಜಾಗವೇ ಇಲ್ಲ ನೋಡಿ. ನಾಲ್ಕು ಸಲ ಹಾಲು ಅಂದ್ರೆ ಕಮ್ಮಿ ಅಂದ್ರೂ 800 ಎಂಎಲ್. ಈ ವಯಸ್ಸಿಗೆ 400ರಿಂದ 500 ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಹೊಟ್ಟೆ ತುಂಬತ್ತೆ, ಊಟ ಸೇರಲ್ಲ, ಮಲಬದ್ಧತೆ ಆಗತ್ತೆ. ಹಾಲಲ್ಲಿ ಕಬ್ಬಿಣದಂಶ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ರಕ್ತ ಕಮ್ಮಿ ಆಗತ್ತೆ, ರಕ್ತ ಕಮ್ಮಿ ಆದ್ರೆ ಹಸಿವು ಇನ್ನೂ ಕಮ್ಮಿ ಆಗತ್ತೆ, ಹಸಿವಿಲ್ಲ ಅಂತ ಇನ್ನೊಂದು ಲೋಟ ಹಾಲು ಕೊಡ್ತೀವಿ. ಸುತ್ತಿ ಸುತ್ತಿ ಅಲ್ಲಿಗೇ ಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು, ನಮ್ಮ ರಾಜ್ಯದ ಲೆಕ್ಕವೂ ಅದರ ಆಸುಪಾಸೇ. ಇದು ಬರೀ ಬಡವರ ಮನೆ ವಿಷಯ ಅಲ್ಲ, ಕಾರಲ್ಲಿ ಬಂದಿಳಿಯೋ ಮಕ್ಕಳಲ್ಲೂ ನಾನು ದಿನಾ ನೋಡ್ತೀನಿ. ಬಣ್ಣ ಕಲಿಯಲ್ಲ, ಗಮನ ಇಲ್ಲ, ಕಿರಿಕಿರಿ ಅಂತ ಕರ್ಕೊಂಡು ಬಂದ ಮಗುವಿಗೆ ಎಷ್ಟೋ ಸಲ ಬೇಕಾಗಿರೋದು ಫ್ಲ್ಯಾಶ್ ಕಾರ್ಡಲ್ಲ, ಕಬ್ಬಿಣದ ಸಿರಪ್. ಅದು ಆಶಾ ಕಾರ್ಯಕರ್ತೆಯರ ಮೂಲಕ ಫ್ರೀ ಸಿಗತ್ತೆ, ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಎಂಎಲ್ ಅಂತ ಸರ್ಕಾರದ ಕಾರ್ಯಕ್ರಮವೇ ಇದೆ.

ಚಾಕಲೇಟ್ ಪೌಡರ್ ಬಗ್ಗೆ ಜಾಸ್ತಿ ಹೇಳಲ್ಲ. 2024ರ ಏಪ್ರಿಲಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನ ಹೆಲ್ತ್ ಡ್ರಿಂಕ್ ಅನ್ನೋ ವಿಭಾಗದಿಂದ ತೆಗೀರಿ ಅಂತ ಹೇಳ್ತು, ಯಾಕಂದ್ರೆ ನಮ್ಮ ಆಹಾರ ಕಾನೂನಲ್ಲಿ ಹೆಲ್ತ್ ಡ್ರಿಂಕ್ ಅನ್ನೋದಕ್ಕೆ ಅರ್ಥವೇ ಇಲ್ಲ. ದಿನಾ ಅರ್ಧ ಸ್ಪೂನ್ ಕಮ್ಮಿ ಮಾಡ್ತಾ ಬನ್ನಿ, ಎರಡು ವಾರದಲ್ಲಿ ಬರೀ ಹಾಲಿಗೆ ಬರತ್ತೆ. ರಾತ್ರಿ ಬಾಟಲಿ ಮಾತ್ರ ಇವತ್ತೇ ನಿಲ್ಲಿಸಿ, ಹಾಲು ಬಾಯಲ್ಲಿಟ್ಕೊಂಡು ಮಲಗಿದ ಮಕ್ಕಳ ಮುಂದಿನ ಹಲ್ಲು ಕಪ್ಪಗೆ ಕರಗಿರೋದನ್ನ ನೀವು ನೋಡಿರ್ತೀರಿ.

ಸರಿ, ಹಸಿವು ವಾಪಸ್ ಬಂತು ಅಂತ ಇಟ್ಕೊಳ್ಳಿ. ಈಗ ಕೈ. ಮಿಸ್ಸು ಸ್ಪೂನ್ ಬರಲ್ಲ ಅಂದ್ರು ಅಂತ ಬೇಜಾರಾಗಬೇಡಿ. ಸ್ಪೂನ್ ಬೇಡ ಅಂತ ನಾನು ಹೇಳಲ್ಲ, ಕಲೀಲಿ ಪಾಪ, ಆದ್ರೆ ಕೈಯಲ್ಲಿ ತಿನ್ನೋದು ಸ್ಪೂನಿಗಿಂತ ಕಮ್ಮಿ ಕಲಿಕೆ ಅನ್ನೋದು ಶುದ್ಧ ಸುಳ್ಳು. ಒಂಬತ್ತು ಹತ್ತು ತಿಂಗಳಿಗೆ ಮಗು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಅಗುಳು ಎತ್ತತ್ತೆ, ಅಲ್ಲಿಂದ ಶುರುವಾಗಿ ಅನ್ನಕ್ಕೆ ಸಾರು ಕಲಸಿ ಐದು ಬೆರಳು ಕೂಡಿಸಿ ಚೆಲ್ಲದ ಹಾಗೆ ಬಾಯಿಗಿಡೋವರೆಗೆ ಎಷ್ಟು ಲೆಕ್ಕಾಚಾರ ಇದೆ ಯೋಚನೆ ಮಾಡಿ. ಎಷ್ಟು ಒತ್ತಿದ್ರೆ ಉಂಡೆ ಆಗತ್ತೆ, ಎಷ್ಟು ಒತ್ತಿದ್ರೆ ಬೆರಳ ಸಂದಿಯಿಂದ ಜಾರತ್ತೆ, ಬಿಸಿ ಎಷ್ಟಿದೆ, ಸಾರು ಜಾಸ್ತಿ ಆಯ್ತಾ. ದೊಡ್ಡವರಿಗೂ ಸಾರನ್ನವನ್ನ ಮೊಣಕೈಗೆ ಇಳಿಸದೆ ತಿನ್ನೋಕೆ ಬಾಳೆಎಲೆ ಊಟದಲ್ಲಿ ಪರದಾಟ ಆಗತ್ತೆ, ಮುಂದೆ ಪೆನ್ಸಿಲ್ ಹಿಡಿಯೋ ಬೆರಳುಗಳೂ ಇವೇ ತಾನೆ.

ಅದಕ್ಕೇ ಸಾರನ್ನದಿಂದ ಶುರು ಮಾಡಬೇಡಿ, ಅದು ಕೊನೇ ಕ್ಲಾಸು. ಮೊದಲು ಒಣಗಿದ್ದು, ಇಡ್ಲಿ ತುಂಡು, ಪಡ್ಡು, ಚಪಾತಿ ಚೂರು, ಬೇಯಿಸಿದ ಬೀನ್ಸು, ಬಾಳೆಹಣ್ಣು. ಆಮೇಲೆ ಗಟ್ಟಿ ಮೊಸರನ್ನ, ಮುದ್ದೆಯಾದ ಬಿಸಿಬೇಳೆಬಾತು. ರಾಗಿ ಮುದ್ದೆ ಮಾಡೋ ಮನೆ ಆದ್ರೆ ಕಡ್ಲೆಗಾತ್ರದ ಚೂರು ಮುರಿದು ಸಾರಲ್ಲಿ ಅದ್ದಿ ನುಂಗೋದು ತೋರಿಸಿ, ಅಗಿಯೋದು ಒಂದು ವಿದ್ಯೆ ಆದ್ರೆ ನುಂಗೋದು ಇನ್ನೊಂದು. ಹಿಂದಿನ ದವಡೆ ಹಲ್ಲು ಪೂರ್ತಿ ಬರೋಕೆ ಎರಡೂವರೆ, ಮೂರು ವರ್ಷ ಆಗತ್ತೆ, ಈಗ ಅವನಿಗೆ ಬಂದಿರತ್ತೆ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಕೊಡೋದು ಇನ್ನೂ ನಡೀತಿದ್ರೆ ನಿಲ್ಲಿಸೋ ಹೊತ್ತಾಯ್ತು, ತಡ ಆದಷ್ಟೂ ಗಟ್ಟಿ ಪದಾರ್ಥ ಕಂಡ್ರೆ ಓಕರಿಸೋ ಅಭ್ಯಾಸ ಬೇರೂರತ್ತೆ.

ಬಣ್ಣ, ಎಣಿಕೆ ವಿಷಯಕ್ಕೆ ಬರ್ತೀನಿ. ಊಟದ ಮುಂದೆ ಕೂರಿಸ್ಕೊಂಡು ಇದ್ಯಾವ ಕಲರ್ ಹೇಳು, ಕ್ಯಾರೆಟ್ ಸ್ಪೆಲ್ಲಿಂಗ್ ಹೇಳು ಅಂತ ಶುರು ಮಾಡಿದ್ರೆ ಮೊಬೈಲ್ ಹೋಗಿ ಪರೀಕ್ಷೆ ಬಂತು ಅಷ್ಟೇ, ತುತ್ತು ಅದೇ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ. ಪ್ರಶ್ನೆ ಬೇಡ, ಮಾತು ಸಾಕು. ಅಬ್ಬಾ ಹಪ್ಪಳ ಎಷ್ಟು ಗರಿಗರಿ, ಹುಣಸೆಹಣ್ಣು ಹುಳಿ, ನೆಲ್ಲಿಕಾಯಿ ಒಗರು, ಹಾಗಲಕಾಯಿ ಕಹಿ, ಸಾರು ಸುಡ್ತಿದೆ ಉಫ್ ಅನ್ನು. ಒಗರು ಅನ್ನೋ ಪದವನ್ನ ಯಾವ ಚಾರ್ಟು ನೋಡಿ ಕಲಿಸ್ತೀರಿ ಹೇಳಿ? ಬಾಳೆದಿಂಡು ಬಾಯಿಗಿಟ್ರೆ ತಾನೇ ಗೊತ್ತಾಗೋದು. ಬೇಕು, ಬೇಡ, ಸಾಕು, ಇನ್ನೊಂಚೂರು, ಆಮೇಲೆ ಇವೆಲ್ಲ ಮಗು ನಿಜವಾದ ಕೆಲಸಕ್ಕೆ ಬಳಸೋ ಮಾತು, ಬಳಸಿದ್ ತಕ್ಷಣ ಫಲ ಸಿಗೋ ಮಾತು. ಸಾಕು ಅಂದ್ರೆ ನಾವು ನಿಲ್ಲಿಸಬೇಕು ಆಗ ಮಾತ್ರ, ಸಾಕು ಅಂದ್ಮೇಲೂ ಇನ್ನೆರಡು ತುತ್ತು ತುರುಕಿದ್ರೆ ಆ ಪದಕ್ಕೆ ಬೆಲೆ ಇಲ್ಲ ಅಂತ ಕಲಿಸಿದ ಹಾಗಾಯ್ತು.

ಎಣಿಕೆಗೆ ಇನ್ನೂ ಸುಲಭ ದಾರಿ ಇದೆ. ಒಂದರಿಂದ ನೂರು ಬಾಯಿಪಾಠ ಹೇಳೋ ಮೂರು ವರ್ಷದ ಮಗುವಿಗೆ ನಾಲ್ಕು ಜನಕ್ಕೆ ನಾಲ್ಕು ತಟ್ಟೆ ಇಡು ಅಂದ್ರೆ ಇಡೋಕೆ ಬರಲ್ಲ, ನಾನು ಎಷ್ಟೋ ಸಲ ನೋಡಿದೀನಿ. ಅಜ್ಜಿಗೊಂದು ತಟ್ಟೆ, ಅಪ್ಪನಿಗೊಂದು, ಅಮ್ಮನಿಗೊಂದು, ನಂಗೊಂದು ಅಂತ ಒಬ್ಬೊಬ್ಬರಿಗೆ ಒಂದೊಂದು ಹೊಂದಿಸೋದು ಎಣಿಕೆಯ ಬೇರು, ಬಾಯಿಪಾಠ ಅದರ ಮೇಲಿನ ಎಲೆ. ಸ್ಟೀಲ್ ತಟ್ಟೆ ಕೊಡಿ, ಬಿದ್ರೂ ಶಬ್ದ ಬರತ್ತೆ ಅಷ್ಟೇ. ಲೋಟದಲ್ಲಿ ಅರ್ಧ ಮಾತ್ರ ನೀರು ಕೊಟ್ಟು ಅಜ್ಜಿಗೆ ಕೊಟ್ಟು ಬಾ ಅನ್ನಿ. ಹಬ್ಬದ ದಿನ ಬಾಳೆಎಲೆ ಹಾಕಿದಾಗ ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಾಯಸ ಎಲ್ಲಿ, ಯಾವುದಾದ್ಮೇಲೆ ಯಾವುದು ಅಂತ ಅವನೇ ನೋಡ್ತಾನೆ. ಸಂಕ್ರಾಂತಿ ಹತ್ರ ಬಂದ್ರೆ ಎಳ್ಳು, ಬೆಲ್ಲ, ಕೊಬ್ಬರಿ, ಕಡ್ಲೆಬೀಜ, ಹುರಿಗಡಲೆ ಬೇರೆ ಬೇರೆ ಬಟ್ಟಲಲ್ಲಿಟ್ಟು ಕಲಸೋಕೆ ಬಿಡಿ, ಅಕ್ಕಪಕ್ಕದ ಮನೆಗೆ ಅವನ ಕೈಯಲ್ಲೇ ಕಳಿಸಿ. ಸಾವಿರಾರು ರೂಪಾಯಿ ಕಿಟ್ಟಲ್ಲಿ ಇರೋದೂ ಇಂಥ ಬಟ್ಟಲು ಸ್ಪೂನೇ, ಮರದ್ದು ಅನ್ನೋದು ಬಿಟ್ರೆ.

ನಂಗೆ ತುಂಬಾ ಇಷ್ಟ ಆಗೋದು ಅವರೆಕಾಯಿ ಕಾಲ. ಡಿಸೆಂಬರ್ ಜನವರೀಲಿ ಮನೆಮಂದಿಯೆಲ್ಲ ಪೇಪರ್ ಹಾಸ್ಕೊಂಡು ಸುಲಿಯೋಕೆ ಕೂತ್ಕೊತಾರಲ್ಲ, ಆಗ ಮಗುವನ್ನ ಟೀವಿ ಮುಂದೆ ಕೂರಿಸಬೇಡಿ, ಪಕ್ಕದಲ್ಲಿ ಕೂರಿಸ್ಕೊಳ್ಳಿ. ಸಿಪ್ಪೆ ಬಿಡಿಸೋದು, ಹುಳ ಬಂದ್ರೆ ಕಿರುಚೋದು, ಎಳೇದು ಬಲಿತಿದ್ದು ಬೇರೆ ಮಾಡೋದು. ನೆನೆಸಿದ ಕಾಳನ್ನ ಎರಡು ಬೆರಳಲ್ಲಿ ಹಿತಕಿದ್ರೆ ಬೇಳೆ ಪುಸಕ್ ಅಂತ ಹಾರೋದಿದೆಯಲ್ಲ, ಬೆರಳಿನ ಬಲಕ್ಕೆ ಇದಕ್ಕಿಂತ ಒಳ್ಳೆ ವ್ಯಾಯಾಮ ನಾನು ಯಾವ ಥೆರಪಿ ಸೆಂಟರಲ್ಲೂ ನೋಡಿಲ್ಲ. ತಾನು ಹಿತಕಿದ ಬೇಳೆಯ ಸಾರು ರಾತ್ರಿ ತಟ್ಟೆಗೆ ಬಂದ್ರೆ ಮಗು ತಿಂದೇ ತಿನ್ನತ್ತೆ ಅಂತ ಗ್ಯಾರಂಟಿ ಕೊಡಲ್ಲ, ಆದ್ರೆ ಮೂಸಿಯಂತೂ ನೋಡತ್ತೆ. ಹೆಸರುಕಾಳು ರಾತ್ರಿ ನೆನೆಸಿ ಬಟ್ಟೆ ಕಟ್ಟಿಟ್ಟು ಮಾರನೇ ದಿನ ಬಾಲ ಬಂದಿದ್ದು ತೋರಿಸೋದು, ದೋಸೆ ಹಿಟ್ಟು ಬೆಳಗ್ಗೆ ಪಾತ್ರೆ ಬಿಟ್ಟು ಮೇಲೆದ್ದು ಬಂದಿರೋದು, ಇವೆಲ್ಲ ಹೇಳೋದೇ ಬೇಡ, ಅವೇ ಮಾತಾಡ್ತವೆ.

ಹೊಸ ಪದಾರ್ಥ ಬೇಡ ಅನ್ನೋದೂ ಈ ವಯಸ್ಸಿನ ಲಕ್ಷಣ, ಸೊಕ್ಕಲ್ಲ. ಎರಡರಿಂದ ಐದಾರು ವರ್ಷದವರೆಗೆ ಗುರುತಿಲ್ಲದ್ದನ್ನ ಬಾಯಿಗೆ ಹಾಕೋಕೆ ಮಕ್ಕಳು ಹೆದರ್ತಾರೆ. ಒಂದು ಪಲ್ಯ ಇಷ್ಟ ಆಗೋಕೆ ಎಂಟು, ಹತ್ತು, ಒಂದೊಂದು ಸಲ ಹದಿನೈದು ಸಲ ಮುಂದೆ ಬರಬೇಕು. ನಾವು ಮೂರನೇ ಸಲಕ್ಕೆ ಇವನಿಗೆ ಬೀಟ್ರೂಟ್ ಆಗಲ್ಲ ಅಂತ ಷರಾ ಬರೆದುಬಿಡ್ತೀವಿ. ತಟ್ಟೆ ಮೂಲೆಯಲ್ಲಿ ಒಂದು ಚಮಚ ಇಡಿ, ತಿನ್ನು ಅನ್ನಬೇಡಿ, ತಿಂದ್ರೆ ಚಾಕಲೇಟ್ ಕೊಡ್ತೀನಿ ಅಂತೂ ಅನ್ನಲೇಬೇಡಿ, ಆಗ ಚಾಕಲೇಟ್ ಬಹುಮಾನ, ಬೀಟ್ರೂಟ್ ಶಿಕ್ಷೆ ಅನ್ನೋದು ಅವನಿಗೆ ಪಕ್ಕಾ ಆಗತ್ತೆ. ನೀವು ಅವನ ಎದುರಿಗೆ ಕೂತು ತಿನ್ನಿ. ಅಂಗನವಾಡಿಗಳಲ್ಲಿ ನಾನು ಆರೋಗ್ಯ ತಪಾಸಣೆಗೆ ಹೋದಾಗೆಲ್ಲ ಇದನ್ನ ಗಮನಿಸ್ತೀನಿ, ಮನೇಲಿ ಬಾಯೇ ತೆಗೆಯದ ಮಗು ಅಲ್ಲಿ ಸಾಲಲ್ಲಿ ಕೂತು ಪಕ್ಕದವನನ್ನ ನೋಡ್ಕೊಂಡು ತಟ್ಟೆ ಖಾಲಿ ಮಾಡಿರತ್ತೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾದಾಗಿಂದ ಊಟ, ಆಟ, ಪಾಠ ಒಂದೇ ಚಾಪೆ ಮೇಲೆ ನಡ್ಕೊಂಡು ಬಂದಿದೆ, ಅದನ್ನ ಈಗ ಇಂಗ್ಲಿಷ್ ಹೆಸರಿಟ್ಟು ನಮಗೇ ಮಾರ್ತಿದಾರೆ.

ಮೊಬೈಲ್ ಬಿಡಿಸೋದು ಹೇಗೆ? ಎರಡು ದಾರಿ, ಎರಡಕ್ಕೂ ಅದರದ್ದೇ ಕಷ್ಟ ಇದೆ. ಒಂದೇ ಏಟಿಗೆ ನಿಲ್ಲಿಸೋದು ಒಂದು. ಮೂರರಿಂದ ಐದು ದಿನ ಅಳು, ರಂಪ, ಊಟ ಅರ್ಧಕ್ಕಿಳಿಯತ್ತೆ, ತೂಕ ಒಂಚೂರು ಇಳಿದ್ರೂ ಇಳೀಬಹುದು, ಆಮೇಲೆ ಸರಿಹೋಗತ್ತೆ. ಆರೋಗ್ಯವಾಗಿರೋ ಮಗು ಈ ನಾಲ್ಕು ದಿನಕ್ಕೆ ಉಪವಾಸ ಬೀಳಲ್ಲ. ಇದರ ಅಪಾಯ ಏನಂದ್ರೆ ಮೂರನೇ ದಿನ ಮನೇಲಿ ಯಾರಾದ್ರೂ ಒಬ್ಬರು ಪಾಪ ಅಂತ ಕರಗಿ ಮೊಬೈಲ್ ಕೊಟ್ರೆ, ಮೂರು ದಿನ ಅತ್ರೆ ಸಿಗತ್ತೆ ಅನ್ನೋದನ್ನ ಕಲಿಸಿದ ಹಾಗೆ, ಮೊದಲಿಗಿಂತ ಕಷ್ಟ ಆಗತ್ತೆ. ಮಗುವಿಗೆ ಜ್ವರ, ಭೇದಿ ಇದ್ದಾಗಲೂ ಇದನ್ನ ಶುರು ಮಾಡಬಾರದು. ಇನ್ನೊಂದು, ದಿನಕ್ಕೆ ಒಂದು ಊಟದಿಂದ ಶುರು ಮಾಡೋದು. ನಿಧಾನ ಆಗತ್ತೆ, ಬೆಳಗ್ಗೆ ಇಲ್ಲ ರಾತ್ರಿ ಇದೆ ಯಾಕೆ ಅಂತ ಮಗುವಿಗೆ ಗೊಂದಲ ಆಗಿ ಸ್ವಲ್ಪ ದಿನ ಹಠ ಜಾಸ್ತಿ ಆಗಬಹುದು. ನಿಮ್ಮನೇಲಿ ಅತ್ತೆ ದಿನವಿಡೀ ಒಬ್ಬರೇ ನೋಡ್ಕೊಳ್ಳೋದ್ರಿಂದ ನಾನಾಗಿದ್ರೆ ಎರಡನೇದನ್ನೇ ಹಿಡೀತಿದ್ದೆ. ನೀವು ಮನೇಲಿರೋ ಊಟ, ಅಂದ್ರೆ ಬೆಳಗ್ಗೆ ತಿಂಡಿಯೋ ರಾತ್ರಿ ಊಟವೋ, ಮೊದಲು ಅದು. ಎಲ್ಲರೂ ನೆಲದ ಮೇಲೆ ಒಟ್ಟಿಗೆ ಕೂರಿ, ದೊಡ್ಡವರ ಫೋನೂ ಇನ್ನೊಂದು ರೂಮಿಗೆ ಹೋಗಲಿ (ಇದೇ ಕಷ್ಟ, ಅಪ್ಪಂದಿರಿಗೆ ವಿಶೇಷವಾಗಿ), 20ರಿಂದ 30 ನಿಮಿಷ, ತಿಂದಷ್ಟು ತಿಂದ, ತಟ್ಟೆ ಎತ್ತಿ. ಬೈಗುಳ ಬೇಡ, ಭಾಷಣ ಬೇಡ. ಮುಂದಿನದ್ದು ಎರಡೂವರೆ ಮೂರು ಗಂಟೆ ಆದ್ಮೇಲೆ, ನಡುವೆ ನೀರು ಮಾತ್ರ. ಊಟ ಬಿಟ್ಟ ಅಂತ ಹತ್ತು ನಿಮಿಷಕ್ಕೆ ಬಿಸ್ಕೆಟ್ ಕೊಟ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಅತ್ತೆ ಮಾತಿಗೆ ಬರೋಣ. ಅನ್ನ ಚೆಲ್ಲಬಾರದು ಅನ್ನೋದು ಮೂಢನಂಬಿಕೆ ಏನಲ್ಲ, ಅವರು ಹೇಳೋದು ಸರಿ ಇದೆ. ಚೆಲ್ಲೋದು ಕಮ್ಮಿ ಆಗಬೇಕು ಅಂದ್ರೆ ಬಡಿಸೋದು ಕಮ್ಮಿ ಆಗಬೇಕು. ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ದೊಡ್ಡ ಚಮಚ ಅನ್ನೋದು ಒಂದು ಅಂದಾಜು, ಅಂದ್ರೆ ಇವನಿಗೆ ಮೊದಲು ಬಡಿಸೋದು ಅನ್ನ ಮೂರು ಚಮಚ, ಪಲ್ಯ ಅದಕ್ಕಿಂತ ಕಮ್ಮಿ. ಬೇಕಾದ್ರೆ ಅವನೇ ಕೇಳಲಿ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಬಿದ್ದ ಅಗುಳನ್ನ ಊಟ ಆದ್ಮೇಲೆ ಅವನೇ ಆರಿಸಿ ಒಂದು ಬಟ್ಟಲಿಗೆ ಹಾಕಲಿ, ಹಕ್ಕಿಗೆ ಇಡೋದು ಅಜ್ಜಿ ಮೊಮ್ಮಗನ ಕೆಲಸ. ಮೊದಲ ತುತ್ತು ಎರಡು ತುತ್ತು ಅಜ್ಜಿ ಕೈತುತ್ತೇ ಆಗಲಿ ಬಿಡಿ, ಕೈತುತ್ತಲ್ಲಿ ಪ್ರೀತಿ ಇದೆ, ತಪ್ಪೇನಿಲ್ಲ, ಆದ್ರೆ ಅವನ ಬಾಯಿ ತಾನಾಗೇ ತೆರೆದಾಗ ಮಾತ್ರ. ನನ್ನ ಅನುಭವದಲ್ಲಿ ಅಜ್ಜಿಯರಿಗೆ ನಿಮ್ಮ ಪದ್ಧತಿ ತಪ್ಪು ಅಂದ್ರೆ ಕೆಲಸ ಕೆಡತ್ತೆ, ಸೊಪ್ಪು ಬಿಡಿಸೋದು ಇವನಿಗೆ ನೀವೇ ಕಲಿಸಿಕೊಡಿ ಅಂದ್ರೆ ನಡೆಯತ್ತೆ.

ಕಲಿಕೆಯ ಉತ್ಸಾಹದಲ್ಲಿ ಮರೆಯಬಾರದ್ದು ಒಂದಿದೆ, ಅದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಕಡ್ಲೆಬೀಜ, ಹುರಿಗಡಲೆ, ಗೋಡಂಬಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು ಇವನ್ನ ನಾಲ್ಕೈದು ವರ್ಷದವರೆಗೆ ಇಡಿಯಾಗಿ ತಿನ್ನೋಕೆ ಕೊಡಬೇಡಿ, ಪುಡಿ ಮಾಡಿ ಕೊಡಿ, ದ್ರಾಕ್ಷಿಯನ್ನ ಉದ್ದಕ್ಕೆ ಸೀಳಿ. ಎಳ್ಳುಬೆಲ್ಲ ಕಲಸಲಿ ಅಂದೆನಲ್ಲ, ಕಲಸೋವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಹಸಿ ಬಟಾಣಿ, ಅವರೆಕಾಳು ಸುಲಿಯೋವಾಗ ಮೂಗಿಗೆ, ಕಿವಿಗೆ ತುರುಕ್ಕೊಳ್ಳೋದು ಇನ್ನೊಂದು. ಓಡ್ತಾ, ನಗ್ತಾ ತಿನ್ನೋ ಮಗುವಿಗೆ ಉಸಿರುನಾಳಕ್ಕೆ ಹೋಗೋ ಅಪಾಯ ಜಾಸ್ತಿ, ಮೆಟ್ಟಿಲ ಮೇಲೆ ತಿನ್ನಿಸೋದು ಬೇಡ ಅನ್ನೋಕೆ ಇದೇ ನನ್ನ ದೊಡ್ಡ ಕಾರಣ. ಕಡ್ಲೆಬೀಜದ ಒಂದು ಹೋಳು ಶ್ವಾಸಕೋಶಕ್ಕಿಳಿದು ಎರಡು ವಾರ ಬರೀ ಕೆಮ್ಮು ಅಂತ ಸಿರಪ್ ಕುಡೀತಿದ್ದ ಮಗುವನ್ನ ಕೊನೆಗೆ ದುರ್ಬೀನು ಹಾಕಿ ತೆಗೆಸೋಕೆ ನಾನೇ ಕಳಿಸಿದ್ದು ಇನ್ನೂ ಕಣ್ಣಲ್ಲಿದೆ. ಓಕರಿಸೋದಕ್ಕೂ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟೋದಕ್ಕೂ ವ್ಯತ್ಯಾಸ ತಿಳ್ಕೊಳ್ಳಿ. ಓಕರಿಸೋವಾಗ ಶಬ್ದ ಇರತ್ತೆ, ಕೆಮ್ಮು ಇರತ್ತೆ, ಬಿಟ್ರೆ ತಾನೇ ಸರಿಮಾಡ್ಕೊಳ್ಳತ್ತೆ. ನಿಜವಾಗಿ ಕಟ್ಟಿದಾಗ ಶಬ್ದವೇ ಇರಲ್ಲ, ಮುಖ ನೀಲಿ ಆಗತ್ತೆ. ಆಗ ಬಾಯಿಗೆ ಕುರುಡಾಗಿ ಬೆರಳು ಹಾಕಬೇಡಿ, ಮುಂದಕ್ಕೆ ಬಗ್ಗಿಸಿ ಹೆಗಲ ಮೂಳೆಗಳ ನಡುವೆ ಐದು ಸಲ ಜೋರಾಗಿ ತಟ್ಟಿ, ಹೋಗದಿದ್ರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗಕ್ಕೆ ಐದು ಸಲ ಒಳಗೆ ಮೇಲಕ್ಕೆ ಒತ್ತಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. (ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು.) ನೆಲದ ಮೇಲೆ ಕೂತು ಊಟ ಮಾಡೋವಾಗ ಕುದಿಯೋ ಸಾರಿನ ಪಾತ್ರೆ ಮಗುವಿನ ಕೈಗೆ ಸಿಗೋ ದೂರದಲ್ಲಿ ಇರಬಾರದು, ಅಕಸ್ಮಾತ್ ಸುಟ್ರೆ 20 ನಿಮಿಷ ನಲ್ಲಿ ನೀರು, ಪೇಸ್ಟು ಗೀಸ್ಟು ಹಚ್ಚಬೇಡಿ.

ಇಷ್ಟೆಲ್ಲ ಹೇಳಿದ್ದು ಸಾಮಾನ್ಯ ಹಠದ ಮಗುವಿಗೆ. ಪತ್ರದಲ್ಲಿ ನೀವು ಬರೆಯದೇ ಇರೋ ಕೆಲವು ವಿಷಯ ನೀವೇ ನೋಡ್ಕೋಬೇಕು. ಹೆಸರು ಕರೆದ್ರೆ ತಿರುಗಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ, ಎರಡು ಪದ ಸೇರಿಸಿ ಮಾತಾಡಲ್ಲ, ಕೈಗೆ ಒಂಚೂರು ಮೆತ್ತಿದ್ರೂ ಸಹಿಸಲ್ಲ, ತಿನ್ನೋದು ಬರೀ ನಾಲ್ಕೈದು ಪದಾರ್ಥ ಅದೂ ಒಂದೇ ಬ್ರ್ಯಾಂಡು ಒಂದೇ ಬಣ್ಣ ಅಂತಿದ್ರೆ ಅದು ಊಟದ ಸಮಸ್ಯೆ ಅಲ್ಲ, ಬೆಳವಣಿಗೆಯ ತಪಾಸಣೆ ಆಗಬೇಕು, ಕಾಯಬೇಡಿ. ನುಂಗೋವಾಗ ಪದೇ ಪದೇ ಕೆಮ್ಮು, ತಿಂದಿದ್ದೆಲ್ಲ ವಾಂತಿ ಆದ್ರೂ ಅಷ್ಟೇ. ಮಣ್ಣು, ಸೀಮೆಸುಣ್ಣ, ಗೋಡೆ ಸುಣ್ಣ ನೆಕ್ಕೋ ಅಭ್ಯಾಸ ಇದ್ರೆ ರಕ್ತ ಕಮ್ಮಿ ಇರೋ ಸಾಧ್ಯತೆ ಜಾಸ್ತಿ.

ಹಾಗಾಗಿ ಈ ವಾರ ಮಾಡಬೇಕಾದ್ದು ಹಿಮೋಗ್ಲೋಬಿನ್ ಟೆಸ್ಟ್, ಸರ್ಕಾರಿ ಆಸ್ಪತ್ರೆಯಲ್ಲೇ ಆಗತ್ತೆ. ಅವನ ವಯಸ್ಸಿಗೆ 11 ಇರಬೇಕು, ಅದಕ್ಕಿಂತ ಕಮ್ಮಿ ಬಂದ್ರೆ ಮೊದಲು ಅದಕ್ಕೆ ಔಷಧಿ, ಉಳಿದದ್ದೆಲ್ಲ ಅದರ ಜೊತೆಜೊತೆಗೆ. ಹಾಲು ಇವತ್ತಿಂದಲೇ ಎರಡು ಲೋಟಕ್ಕೆ ಇಳಿಸಿ. ತೂಕ ವಾರ ವಾರ ನೋಡಬೇಡಿ, ತಲೆಕೆಡತ್ತೆ, ಮೂರು ತಿಂಗಳು ಬಿಟ್ಟು ಅದೇ ತಕ್ಕಡಿಯಲ್ಲಿ ನೋಡಿ ನಂಗೆ ಬರೀರಿ. ಮಿಸ್ಸು ಮತ್ತೆ ಕಲರ್ಸ್ ಕೇಳಿದ್ರೆ, ಹಣ್ಣಾದ ಟೊಮ್ಯಾಟೊ ಯಾವುದು ಕಾಯಿ ಯಾವುದು ಅಂತ ನಮ್ಮ ಮಗ ಆರಿಸಿ ಕೊಡ್ತಾನೆ ಅಂತ ಹೇಳಿ, ಅಷ್ಟರಲ್ಲಿ ಅದು ಬಂದಿರತ್ತೆ.